ಮುತ್ತಂಗ ಕಲಿಸುವ ಪಾಠ: ಹವಾಮಾನ ಹೋರಾಟಕ್ಕೆ ಇಳಿಯುವ ಮುನ್ನ ನಾವು ಓದಬೇಕಾದ ಚರಿತ್ರೆ



ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ತನಕ, ಅಂದರೆ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದವರೆಗೆ, ಧರ್ಮಸಭೆ 'ಸೃಷ್ಟಿಯ ಕಾಲ'ವನ್ನು ಆಚರಿಸುತ್ತದೆ. ಈ ದಿನಗಳಲ್ಲಿ ನಮ್ಮ ಯುವಸಂಘಗಳು ಸಸಿ ನೆಡುತ್ತವೆ, ಭಿತ್ತಿಚಿತ್ರ ಸ್ಪರ್ಧೆ ಇಡುತ್ತವೆ, ಬಲಿಪೂಜೆಯ ನಂತರ ಚಾರ್ಟ್ ಹಿಡಿದು ಫೋಟೋ ತೆಗೆಸಿಕೊಳ್ಳುತ್ತವೆ. ಇವೆಲ್ಲ ಒಳ್ಳೆಯದೇ. ಆದರೆ 'ಹವಾಮಾನ ಬದಲಾವಣೆ' ಎಂದ ಕೂಡಲೇ ನಮ್ಮ ಮನಸ್ಸು ಸ್ವೀಡನ್ನಿಗೋ, ಧ್ರುವದ ಹಿಮಕರಡಿಗೋ ಓಡಿಹೋಗುತ್ತದೆ. ಈ ಸಲ ಅಷ್ಟು ದೂರ ಹೋಗುವುದು ಬೇಡ. ಗುಂಡ್ಲುಪೇಟೆ ದಾಟಿ, ಬಂಡೀಪುರ ಕಾಡು ಹಾದು, ಮೂಲೆಹೊಳೆ ಕಳೆದ ಮೇಲೆ ಸಿಗುವ ಮುತ್ತಂಗಕ್ಕೆ ಹೋಗೋಣ. ಪರಿಸರಕ್ಕಾಗಿ ಯುವಜನರು ಬೀದಿಗಿಳಿಯುವುದು ಎಂದರೇನು, ಅದರಲ್ಲಿ ಯಾರ ಮಾತು ಕೇಳಿಸುತ್ತದೆ, ಯಾರ ಮಾತು ಕೇಳಿಸುವುದಿಲ್ಲ ಎಂಬುದನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಊರು ನಮ್ಮ ಹತ್ತಿರದಲ್ಲಿ ಇನ್ನೊಂದಿಲ್ಲ.

ಗಡಿ ಇಲ್ಲದ ಕಾಡು

ಮುತ್ತಂಗ ಕೇರಳದ ವಯನಾಡು ಜಿಲ್ಲೆಯಲ್ಲಿ, ಸುಲ್ತಾನ್ ಬತ್ತೇರಿಯ ಆಚೆ, ಕರ್ನಾಟಕದ ಗಡಿಗೆ ಅಂಟಿಕೊಂಡಿದೆ. 1973ರಲ್ಲಿ ಘೋಷಣೆಯಾದ ವಯನಾಡು ವನ್ಯಜೀವಿಧಾಮದ ನಾಲ್ಕು ವಲಯಗಳಲ್ಲಿ ಇದೂ ಒಂದು. ಧಾಮದ ಒಟ್ಟು ವಿಸ್ತೀರ್ಣ ಸುಮಾರು 344 ಚದರ ಕಿಲೋಮೀಟರ್. ಇದಕ್ಕೆ ತಾಗಿಕೊಂಡೇ ನಮ್ಮ ಬಂಡೀಪುರ ಮತ್ತು ನಾಗರಹೊಳೆ, ತಮಿಳುನಾಡಿನ ಮುದುಮಲೈ ಇವೆ. ನಾಲ್ಕೂ 1986ರಲ್ಲಿ ರೂಪುಗೊಂಡ ನೀಲಗಿರಿ ಜೀವಗೋಳದ ಭಾಗಗಳು. ನಕ್ಷೆಯಲ್ಲಿ ಮೂರು ರಾಜ್ಯ ಕಾಣುತ್ತವೆ, ಆನೆಗೆ ಮಾತ್ರ ಅದೆಲ್ಲ ಒಂದೇ ಮನೆ.

ನೀರಿಗೂ ಗಡಿ ಇಲ್ಲ. ವಯನಾಡಿನಲ್ಲಿ ಬಿದ್ದ ಮಳೆಯ ಬಹುಪಾಲು ಪೂರ್ವಕ್ಕೆ ಹರಿದು ಕಬಿನಿಯಾಗಿ ನಮ್ಮ ಎಚ್.ಡಿ. ಕೋಟೆಗೆ ಬರುತ್ತದೆ, ಮುಂದೆ ತಿರುಮಕೂಡಲಿನಲ್ಲಿ ಕಾವೇರಿ ಸೇರುತ್ತದೆ. ಮೈಸೂರು ಸೀಮೆಯ ಎಷ್ಟೋ ಗದ್ದೆಗಳ ನೀರು, ಎಷ್ಟೋ ಮನೆಗಳ ನಲ್ಲಿಯ ನೀರು ಆ ಬೆಟ್ಟಗಳಿಂದ ಇಳಿದದ್ದು. ಮಾತಿಗೂ ಗಡಿ ಇಲ್ಲ. ಅಲ್ಲಿನ ಕಾಟ್ಟುನಾಯ್ಕರು ನಮ್ಮ ಜೇನುಕುರುಬರ ನೆಂಟರು, ಅವರ ನುಡಿ ಕನ್ನಡಕ್ಕೆ ಬಲು ಹತ್ತಿರ. ಹಾಗಾಗಿ ಮುತ್ತಂಗದ ಕಥೆ ಪಕ್ಕದ ರಾಜ್ಯದ ಸುದ್ದಿಯಲ್ಲ, ನಮ್ಮ ಮನೆಯ ಹಿತ್ತಿಲಿನ ಕಥೆ.

ಭೂಮಿ ಕೈ ಬದಲಾದದ್ದು

2011ರ ಜನಗಣತಿಯ ಪ್ರಕಾರ ವಯನಾಡಿನ ಜನಸಂಖ್ಯೆ ಸುಮಾರು 8.17 ಲಕ್ಷ. ಅದರಲ್ಲಿ ಆದಿವಾಸಿಗಳು ಸುಮಾರು 1.51 ಲಕ್ಷ, ಅಂದರೆ ಶೇ. 18ಕ್ಕಿಂತ ಹೆಚ್ಚು. ಇಡೀ ಕೇರಳದಲ್ಲಿ ಈ ಪ್ರಮಾಣ ಶೇ. 2ನ್ನೂ ಮುಟ್ಟುವುದಿಲ್ಲ. ಪಣಿಯ, ಅಡಿಯ, ಕಾಟ್ಟುನಾಯ್ಕ, ಮುಳ್ಳುಕುರುಮ, ಊರಾಳಿಕುರುಮ, ಕುರಿಚ್ಯ ಹೀಗೆ ಹಲವು ಸಮುದಾಯಗಳಿವೆ. ಇವರಲ್ಲಿ ಪಣಿಯರು ಮತ್ತು ಅಡಿಯರು ಶತಮಾನಗಳ ಕಾಲ ಭೂಮಾಲೀಕರ ಜೀತದಲ್ಲಿದ್ದವರು. ಮಾನಂದವಾಡಿಯ ಬಳಿಯ ವಳ್ಳಿಯೂರ್‌ಕಾವ್ ಜಾತ್ರೆಯಲ್ಲಿ ಇವರನ್ನು ವರ್ಷದ ದುಡಿಮೆಗೆ ಗೊತ್ತು ಮಾಡಿಕೊಳ್ಳುವ ಪದ್ಧತಿ ಸ್ವಾತಂತ್ರ್ಯ ಬಂದ ಮೇಲೂ ಉಳಿದಿತ್ತು.

1940ರ ದಶಕದಿಂದ ತಿರುವಾಂಕೂರು ಕಡೆಯಿಂದ ವಯನಾಡಿಗೆ ರೈತರು ವಲಸೆ ಬಂದರು. ಯುದ್ಧಕಾಲದ ಅಕ್ಕಿಯ ಅಭಾವ ಅವರನ್ನು ಬೆಟ್ಟ ಹತ್ತಿಸಿತ್ತು. ಅವರಲ್ಲಿ ಬಹಳಷ್ಟು ಜನ ಕ್ರೈಸ್ತರು. ಮಲೇರಿಯಾ, ಕಾಡುಪ್ರಾಣಿ, ಹಸಿವು ಎಲ್ಲದರ ಜೊತೆ ಹೋರಾಡಿ ಕಾಳುಮೆಣಸು, ಕಾಫಿ ಬೆಳೆದರು, ಚರ್ಚು, ಶಾಲೆ, ಆಸ್ಪತ್ರೆ ಕಟ್ಟಿದರು. ಆ ಸಾಹಸವನ್ನು ಯಾರೂ ಕಡಿಮೆ ಮಾಡಿ ಹೇಳಬೇಕಾಗಿಲ್ಲ. ಆದರೆ ಅದೇ ಕಾಲದಲ್ಲಿ ಆದಿವಾಸಿಗಳ ಕೈಯಲ್ಲಿದ್ದ ಭೂಮಿ ಕರಗುತ್ತಾ ಹೋಯಿತು. ಕಾಗದಪತ್ರ ಇಲ್ಲದವರ ನೆಲ ಕಾಗದಪತ್ರ ಮಾಡಿಸಿಕೊಂಡವರ ಪಾಲಾಯಿತು.

ಇದನ್ನು ಸರಿಪಡಿಸಲು ಕೇರಳ ವಿಧಾನಸಭೆ 1975ರಲ್ಲಿ ಒಂದು ಕಾನೂನು ಮಾಡಿತು: ಆದಿವಾಸಿಗಳಿಂದ ಕೈತಪ್ಪಿದ ಭೂಮಿಯನ್ನು ಅವರಿಗೆ ಮರಳಿಸಬೇಕು. ಅದಕ್ಕೆ ನಿಯಮಗಳು ಬಂದದ್ದು 1986ರಲ್ಲಿ, ಹನ್ನೊಂದು ವರ್ಷ ತಡವಾಗಿ. ಆಮೇಲೂ ಭೂಮಿ ಮರಳಲಿಲ್ಲ. ಕೊನೆಗೆ 1999ರಲ್ಲಿ ಹೊಸ ಕಾನೂನು ಬಂತು. ಅದರ ಪ್ರಕಾರ 2 ಹೆಕ್ಟೇರ್‌ವರೆಗಿನ ಜಮೀನು ಈಗ ಉಳುತ್ತಿರುವವರ ಬಳಿಯೇ ಉಳಿಯುತ್ತದೆ, ಆದಿವಾಸಿಗೆ ಸರಕಾರ ಬೇರೆ ಕಡೆ ಭೂಮಿ ಕೊಡಬೇಕು.

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. 'ಬೇರೆ ಕಡೆ' ಎಂದರೆ ಎಲ್ಲಿ? ವಯನಾಡಿನಲ್ಲಿ ಖಾಲಿ ಬಿದ್ದ ನೆಲ ಎಲ್ಲಿದೆ? ಒಂದು ಕಡೆ ತೋಟ, ಇನ್ನೊಂದು ಕಡೆ ಕಾಡು. ತೋಟವನ್ನು ಮುಟ್ಟುವಂತಿಲ್ಲ ಎಂದಾದರೆ ಭಾರವೆಲ್ಲ ಹೋಗಿ ಬೀಳುವುದು ಕಾಡಿನ ಮೇಲೆ. 2003ರ ಮುತ್ತಂಗಕ್ಕೆ ದಾರಿ ಇಲ್ಲಿಂದಲೇ ಶುರುವಾಯಿತು ಎಂದು ನಮಗೆ ಅನ್ನಿಸುತ್ತದೆ.

ಪಯ್ಯನ್ನೂರಿನ ಮೇಷ್ಟ್ರು, ಸಾಲ್ಕಣಿಯ ಯುವಕರು

ಅಷ್ಟರಲ್ಲಿ ಈ ಪಶ್ಚಿಮ ಘಟ್ಟದಲ್ಲಿ ವಿದ್ಯಾರ್ಥಿಗಳ ಪರಿಸರ ಚಳವಳಿಯೂ ಹುಟ್ಟಿಕೊಂಡಿತ್ತು. ಕಾಸರಗೋಡಿನಿಂದ ಸ್ವಲ್ಪ ದಕ್ಷಿಣಕ್ಕೆ ಇರುವ ಪಯ್ಯನ್ನೂರು ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಜಾನ್ ಸಿ. ಜೇಕಬ್ ಅವರು 1970ರ ದಶಕದಲ್ಲಿ ತಮ್ಮ ವಿದ್ಯಾರ್ಥಿಗಳನ್ನು ತರಗತಿಯಿಂದ ಹೊರಗೆ, ಕಾಡಿಗೆ ಕರೆದುಕೊಂಡು ಹೋದರು. 1977ರಲ್ಲಿ ಏಳಿಮಲೆಯಲ್ಲಿ ಅವರು ನಡೆಸಿದ ಪ್ರಕೃತಿ ಶಿಬಿರ ಮುಂದೆ ಕೇರಳದ ಉದ್ದಗಲಕ್ಕೂ ಹಬ್ಬಿದ ಶಿಬಿರಗಳಿಗೆ ಮಾದರಿಯಾಯಿತು. ಬಿಎಸ್ಸಿ ಓದಿದ ನಮ್ಮಂಥವರಿಗೆ ಇದು ಹೆಚ್ಚು ಅರ್ಥವಾಗುತ್ತದೆ. ಫಾರ್ಮಲಿನ್ ಬಾಟಲಿಯಲ್ಲಿ ಕಂಡ ಜೀವಕ್ಕೂ, ಅದು ಬದುಕುವ ಜಾಗದಲ್ಲಿ ಕಂಡ ಜೀವಕ್ಕೂ ಬಹಳ ವ್ಯತ್ಯಾಸ ಇದೆ.

ಅದೇ ವರ್ಷಗಳಲ್ಲಿ ಪಾಲಕ್ಕಾಡಿನ ಸೈಲೆಂಟ್ ವ್ಯಾಲಿ ಕಾಡನ್ನು ಮುಳುಗಿಸುವ ಜಲವಿದ್ಯುತ್ ಯೋಜನೆಯ ವಿರುದ್ಧ ಮೇಷ್ಟ್ರುಗಳು, ಕವಿಗಳು, ವಿಜ್ಞಾನಿಗಳು, ವಿದ್ಯಾರ್ಥಿಗಳು ಒಂದಾದರು. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಊರೂರಿಗೆ ಹೋಗಿ ವಿಜ್ಞಾನವನ್ನು ಜನರ ಭಾಷೆಯಲ್ಲಿ ಹೇಳಿತು. ಯೋಜನೆ ನಿಂತಿತು, 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು.

ನಮ್ಮ ಕಡೆ 1983ರ ಸೆಪ್ಟೆಂಬರ್ 8ರಂದು ಶಿರಸಿ ಬಳಿಯ ಸಾಲ್ಕಣಿ ಸುತ್ತಿನ ಯುವಕ ಮಂಡಳಿಯವರು, ಹೆಂಗಸರು, ಮಕ್ಕಳು ಕಳಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡು ನಿಂತರು. ಪಾಂಡುರಂಗ ಹೆಗಡೆಯವರು ಜೊತೆಗಿದ್ದರು. ಅಪ್ಪಿಕೋ ಎಂಬ ಹೆಸರು ಬಂದದ್ದು ಹೀಗೆ. 38 ದಿನ ನಡೆದ ಆ ಮೊದಲ ಹೋರಾಟದ ನಂತರ ಸರಕಾರ ಮರ ಕಡಿಯುವ ಆದೇಶವನ್ನು ಹಿಂತೆಗೆದುಕೊಂಡಿತು.

ಇನ್ನೊಂದು ಘಟನೆ 1987ರ ನವೆಂಬರ್ 14ರದ್ದು. ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಹಳ್ಳಿಗರು 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಮಾಡಿದರು. ದನ ಮೇಯುತ್ತಿದ್ದ, ಸೌದೆ ಸಿಗುತ್ತಿದ್ದ ಸಾರ್ವಜನಿಕ ಭೂಮಿಯನ್ನು ಸರಕಾರ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಗೆ ಕೊಟ್ಟಿತ್ತು. ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗಾಗಿ ಅಲ್ಲಿ ನೀಲಗಿರಿ ಮರ ಬೆಳೆಯುವುದು ಉದ್ದೇಶ. ಜನ ನೀಲಗಿರಿ ಸಸಿಗಳನ್ನು ಸಾಂಕೇತಿಕವಾಗಿ ಕಿತ್ತು, ಊರಿಗೆ ಬೇಕಾದ ಮರದ ಸಸಿಗಳನ್ನು ನೆಟ್ಟರು. ಈ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಶಿವರಾಮ ಕಾರಂತರೂ ಇದ್ದರು. 1991ರಲ್ಲಿ ಆ ಕಂಪನಿ ಮುಚ್ಚಿತು.

ಕುಸನೂರನ್ನು ಯಾಕೆ ನೆನಪಿಸುತ್ತೇವೆಂದರೆ, ಮುತ್ತಂಗದಲ್ಲಿ ಆದಿವಾಸಿಗಳು ಗುಡಿಸಲು ಹಾಕಿದ ಜಾಗವೂ ದಟ್ಟ ಕಾಡಾಗಿರಲಿಲ್ಲ. ಅದೂ ನೀಲಗಿರಿ ನೆಡುತೋಪು. ಹರಿಹರದ ಕಾರ್ಖಾನೆಯ ಬಿರ್ಲಾ ಸಮೂಹದ್ದೇ ಆದ ಮಾವೂರಿನ ಗ್ವಾಲಿಯರ್ ರೇಯಾನ್ಸ್ ಕಾರ್ಖಾನೆಗೆ ಕೇರಳದ ಕಾಡುಗಳಿಂದ ಬಿದಿರು, ನೀಲಗಿರಿ ಹೋಗುತ್ತಿತ್ತು. ಮರದ ಹೆಸರು ಒಂದೇ, ಪ್ರಶ್ನೆಯೂ ಒಂದೇ: ಕಾರ್ಖಾನೆಗಾಗಿ ನೆಟ್ಟ ಒಂದೇ ಜಾತಿಯ ಮರಗಳ ಸಾಲನ್ನು ಕಾಡು ಎನ್ನಬಹುದೇ?

2001ರಿಂದ 2003: ಮಾತು ಕೊಟ್ಟದ್ದು, ಮುರಿದದ್ದು

2001ರ ಮಳೆಗಾಲದಲ್ಲಿ ಕೇರಳದ ಆದಿವಾಸಿ ಹಾಡಿಗಳಿಂದ ಹಸಿವಿನ ಸಾವಿನ ಸುದ್ದಿ ಬಂತು. ಸಾಕ್ಷರತೆಯಲ್ಲಿ, ಆರೋಗ್ಯದಲ್ಲಿ ದೇಶಕ್ಕೇ ಮೊದಲು ಎನ್ನಿಸಿಕೊಂಡ ರಾಜ್ಯದಲ್ಲಿ ಇಂಥ ಸುದ್ದಿ! ಆಗಸ್ಟ್ 30ರಂದು ಆದಿವಾಸಿಗಳು ತಿರುವನಂತಪುರದ ಸಚಿವಾಲಯದ ಮುಂದೆಯೇ ಗುಡಿಸಲು ಕಟ್ಟಿ ಕೂತರು. ಮುಂದಾಳು ಸಿ.ಕೆ. ಜಾನು. ಆಗ ಅವರಿಗೆ ಮೂವತ್ತರ ಆಸುಪಾಸು. ತಿರುನೆಲ್ಲಿ ಸೀಮೆಯ ತೃಶ್ಶಿಲೇರಿಯ ಅಡಿಯ ಸಮುದಾಯದ ಹೆಣ್ಣುಮಗಳು. ಶಾಲೆಯ ಮೆಟ್ಟಿಲು ಹತ್ತದೆ, ಚಿಕ್ಕಂದಿನಿಂದ ಕೂಲಿ ಮಾಡಿ, ಸಾಕ್ಷರತಾ ತರಗತಿಯಲ್ಲಿ ಅಕ್ಷರ ಕಲಿತವರು. ಅವರ ಜೊತೆ ಎಂ. ಗೀತಾನಂದನ್ ಇದ್ದರು.

48 ದಿನಗಳ ನಂತರ, ಅಕ್ಟೋಬರ್ 16ರಂದು, ಮುಖ್ಯಮಂತ್ರಿ ಎ.ಕೆ. ಆಂಟನಿಯವರ ಸರಕಾರ ಒಪ್ಪಂದಕ್ಕೆ ಬಂತು. ಭೂಮಿ ಇಲ್ಲದ ಆದಿವಾಸಿ ಕುಟುಂಬಕ್ಕೆ ಒಂದರಿಂದ ಐದು ಎಕರೆ ಭೂಮಿ, 2002ರ ಜನವರಿ 1ರಿಂದ ಹಂಚಿಕೆ ಶುರು. ಕೆಲವು ಕಡೆ ಹಂಚಿಕೆ ಆಯಿತು, ಬಹುಪಾಲು ಕಡೆ ಆಗಲಿಲ್ಲ. ಒಂದು ವರ್ಷ ಕಾದರು. 2003ರ ಜನವರಿ ಮೊದಲ ವಾರ ಆದಿವಾಸಿ ಗೋತ್ರ ಮಹಾಸಭೆಯ ಹೆಸರಿನಲ್ಲಿ ನೂರಾರು ಕುಟುಂಬಗಳು ಮುತ್ತಂಗದ ಕಾಡಿಗೆ ಹೋಗಿ ಗುಡಿಸಲು ಹಾಕಿದವು. ಇದು ನಮ್ಮ ಹಿರಿಯರು ಬದುಕಿದ್ದ ನೆಲ, ಇದು ನೀಲಗಿರಿ ನೆಟ್ಟು ಹಾಳು ಮಾಡಿದ ನೆಲ, ಇಲ್ಲಿ ನಮಗೆ ಬದುಕಲು ಬಿಡಿ ಎಂಬುದು ಅವರ ವಾದ. ಅರಣ್ಯ ಇಲಾಖೆಯದು ಇನ್ನೊಂದು ವಾದ: ಇದು ವನ್ಯಜೀವಿಧಾಮ, ಬೇಸಿಗೆಯಲ್ಲಿ ಆನೆಗಳು ನೀರು ಮೇವಿಗಾಗಿ ಬರುವ ದಾರಿ, ಇಲ್ಲಿ ನೆಲೆಸಲು ಬಿಟ್ಟರೆ ಧಾಮವೇ ಉಳಿಯುವುದಿಲ್ಲ.

ಫೆಬ್ರವರಿ 17ರಂದು ಕಾಡಿಗೆ ಬೆಂಕಿ ಬಿತ್ತು. ಹಚ್ಚಿದವರು ಯಾರು ಎಂದು ಎರಡೂ ಕಡೆಯವರು ಪರಸ್ಪರ ದೂರಿದರು. ಕೆಲವರು ಅರಣ್ಯ ಸಿಬ್ಬಂದಿಯನ್ನು ಗುಡಿಸಲಿನವರು ಹಿಡಿದಿಟ್ಟುಕೊಂಡರು. ಫೆಬ್ರವರಿ 19ರಂದು ಪೊಲೀಸರು ಒಳನುಗ್ಗಿದರು, ಗುಂಡು ಹಾರಿತು. ಜೋಗಿ ಎಂಬ ಆದಿವಾಸಿ ತೀರಿಕೊಂಡರು. ವಿನೋದ್ ಎಂಬ ಪೊಲೀಸ್ ಸಿಬ್ಬಂದಿಯೂ ತೀರಿಕೊಂಡರು. ಗುಡಿಸಲುಗಳು ಸುಟ್ಟುಹೋದವು. ಜಾನು ಮತ್ತು ಗೀತಾನಂದನ್ ಸೇರಿ ನೂರಾರು ಜನ ಬಂಧನಕ್ಕೊಳಗಾದರು. ಜೈಲಿಗೆ ಹೋದವರಲ್ಲಿ ತಾಯಂದಿರ ಜೊತೆ ಮಕ್ಕಳೂ ಇದ್ದರು.

ಮುತ್ತಂಗ ಕೇರಳದ ಪರಿಸರಪ್ರಿಯರನ್ನೇ ಎರಡು ಭಾಗ ಮಾಡಿತು. ಕಾಡು ಉಳಿಯಬೇಕು, ಯಾರೇ ಆಗಲಿ ಧಾಮದೊಳಗೆ ಹೋಗಬಾರದು ಎಂದವರು ಒಂದು ಕಡೆ. ಕಾಡನ್ನು ಕಂಪನಿಗೆ ಕೊಟ್ಟಾಗ ಏಳದ ಕೂಗು ಆದಿವಾಸಿ ಹೋದಾಗ ಮಾತ್ರ ಏಕೆ ಏಳುತ್ತದೆ ಎಂದು ಕೇಳಿದವರು ಇನ್ನೊಂದು ಕಡೆ. ಎರಡರಲ್ಲೂ ನಿಜ ಇದೆ. ಆನೆಯ ದಾರಿ ನಿಜ. ಮಾತು ಮುರಿದದ್ದೂ ನಿಜ. ಆದರೆ ಆನೆಗೆ ಜಾಗ ಬಿಡಲು ಊರಿನಲ್ಲೇ ಅತ್ಯಂತ ಬಡವರಾದವರಿಗೆ ಮಾತ್ರ ಹೇಳಿ, ತೋಟದವರಿಗೂ ಕಾರ್ಖಾನೆಯವರಿಗೂ ರೆಸಾರ್ಟಿನವರಿಗೂ ಏನೂ ಹೇಳದಿದ್ದರೆ ಅದು ಪರಿಸರ ರಕ್ಷಣೆ ಆಗುವುದಿಲ್ಲ, ಸುಲಭದ ದಾರಿ ಆಗುತ್ತದೆ ಅಷ್ಟೆ. ನಾಬೋತನ ದ್ರಾಕ್ಷಿತೋಟದ ಕಥೆಯನ್ನು ಬಾಲ್ಯದಿಂದ ಕೇಳಿದ ನಮಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ನಿಂತೇ ಇದ್ದ 162 ದಿನ

ಮುತ್ತಂಗದ ಕಥೆ 2003ರಲ್ಲಿ ಮುಗಿಯಲಿಲ್ಲ. 2014ರ ಜುಲೈ 9ರಂದು ಅದೇ ಗೋತ್ರ ಮಹಾಸಭೆಯವರು ಮತ್ತೆ ಸಚಿವಾಲಯದ ಮುಂದೆ ಬಂದರು. ಈ ಸಲ ಕೂರಲಿಲ್ಲ, ನಿಂತರು. 'ನಿಲ್ಪು ಸಮರ', ಅಂದರೆ ನಿಲ್ಲುವ ಹೋರಾಟ. ಬಿಸಿಲಲ್ಲಿ, ಮಳೆಯಲ್ಲಿ 162 ದಿನ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇದು: ಈ ಸಲ ಕಾಲೇಜು ವಿದ್ಯಾರ್ಥಿಗಳು, ಕಲಾವಿದರು, ಯುವಜನರು ದೊಡ್ಡ ಸಂಖ್ಯೆಯಲ್ಲಿ ಬಂದು ಜೊತೆಗೆ ನಿಂತರು. ಫೇಸ್‌ಬುಕ್‌ನಲ್ಲಿ ಸುದ್ದಿ ಹಬ್ಬಿತು, ಬೇರೆ ಊರುಗಳಲ್ಲಿಯೂ ಜನ ಬೆಂಬಲಕ್ಕೆ ನಿಂತರು. ಆದರೆ ಮುಂದೆ ನಿಂತು ಮಾತಾಡಿದವರು ಆದಿವಾಸಿಗಳೇ, ವಿದ್ಯಾರ್ಥಿಗಳು ಪಕ್ಕದಲ್ಲಿ ನಿಂತರು. ಡಿಸೆಂಬರ್‌ನಲ್ಲಿ ಸರಕಾರ ಬೇಡಿಕೆಗಳನ್ನು ಒಪ್ಪಿತು. ಮುತ್ತಂಗದಿಂದ ಹೊರಹಾಕಲ್ಪಟ್ಟ ಕುಟುಂಬಗಳಿಗೆ ಭೂಮಿ, ಅಂದು ಜೈಲಿಗೆ ಹೋಗಿದ್ದ ಮಕ್ಕಳಿಗೆ ಪರಿಹಾರ ಎಂಬ ಮಾತೂ ಅದರಲ್ಲಿ ಇತ್ತು.

2020ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ಆದಿವಾಸಿ ವಿದ್ಯಾರ್ಥಿಗಳೇ ಧರಣಿ ಕೂತರು. ಎಸ್ಸೆಸ್ಸೆಲ್ಸಿ ಪಾಸಾದ ತಮಗೆ ಪ್ಲಸ್ ಒನ್ ತರಗತಿಯಲ್ಲಿ ಸೀಟು ಸಾಲುತ್ತಿಲ್ಲ ಎಂಬುದು ಅವರ ಬೇಡಿಕೆ. ಇದು ಹವಾಮಾನದ ಹೋರಾಟವೇ ಎಂದು ಕೆಲವರು ಕೇಳಬಹುದು. ಕಾಡಿನ ಬಗ್ಗೆ, ಮಳೆಯ ಬಗ್ಗೆ ನಾಳೆ ನಡೆಯುವ ಸಭೆಗಳಲ್ಲಿ ಯಾರು ಕೂತಿರುತ್ತಾರೆ ಎಂಬುದು ಇಂದು ಯಾರಿಗೆ ಸೀಟು ಸಿಗುತ್ತದೆ ಎಂಬುದರ ಮೇಲೆ ನಿಂತಿದೆ. ನಮ್ಮ ಉತ್ತರ ಅಷ್ಟೆ.

2019ರ ಸೆಪ್ಟೆಂಬರ್: ಒಂದೇ ವಾರ, ಎರಡು ಹೋರಾಟ

2018ರ ಆಗಸ್ಟ್‌ನಲ್ಲಿ ಹದಿನೈದು ವರ್ಷದ ಗ್ರೇಟಾ ಥುನ್‌ಬರ್ಗ್ ಸ್ವೀಡನ್ನಿನ ಸಂಸತ್ತಿನ ಮುಂದೆ ಒಬ್ಬಳೇ ಕೂತಳು. ಒಂದು ವರ್ಷ ಕಳೆಯುವಷ್ಟರಲ್ಲಿ, 2019ರ ಸೆಪ್ಟೆಂಬರ್ 20ರಿಂದ 27ರ ವಾರದಲ್ಲಿ, ಜಗತ್ತಿನ ಲಕ್ಷಾಂತರ ವಿದ್ಯಾರ್ಥಿಗಳು ಬೀದಿಗಿಳಿದರು. ಬೆಂಗಳೂರಿನಲ್ಲಿಯೂ ಶಾಲೆ ಕಾಲೇಜಿನ ಮಕ್ಕಳು ಭಿತ್ತಿಪತ್ರ ಹಿಡಿದು ಬಂದರು.

ಅದೇ ವಾರ, ಸೆಪ್ಟೆಂಬರ್ 25ರಂದು, ಸುಲ್ತಾನ್ ಬತ್ತೇರಿಯಲ್ಲಿ ಬೇರೆ ಬೇರೆ ಪಕ್ಷಗಳ ಯುವ ಸಂಘಟನೆಗಳ ಮುಖಂಡರು ಒಟ್ಟಾಗಿ ಉಪವಾಸ ಕೂತರು. ಅವರ ಬೇಡಿಕೆ ಮುತ್ತಂಗ ಹಾದು ಗುಂಡ್ಲುಪೇಟೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ನ್ನು ಮುಚ್ಚಬಾರದು ಎಂಬುದು. ಈ ರಸ್ತೆ ಬಂಡೀಪುರದೊಳಗೆ ಸುಮಾರು 19 ಕಿಲೋಮೀಟರ್ ಹಾದುಹೋಗುತ್ತದೆ. ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದ ಕಾರಣ 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಸಂಚಾರ ನಿಷೇಧಿಸಿತು, 2010ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತುರ್ತು ವಾಹನಗಳಿಗೆ, ಕೆಲವೇ ಬಸ್ಸುಗಳಿಗೆ ಮಾತ್ರ ರಾತ್ರಿ ದಾರಿ. 2019ರಲ್ಲಿ ಹಗಲೂ ಮುಚ್ಚಿ ಕುಟ್ಟ–ಗೋಣಿಕೊಪ್ಪದ ದಾರಿಯನ್ನು ಬಳಸುವ ವಿಷಯ ಸುಪ್ರೀಂ ಕೋರ್ಟಿನಲ್ಲಿ ಚರ್ಚೆಗೆ ಬಂದಾಗ ವಯನಾಡು ಎದ್ದು ನಿಂತಿತು. ರೈಲು ಇಲ್ಲದ ಜಿಲ್ಲೆ ಅದು. ತರಕಾರಿ ಬರುವುದು, ರೋಗಿ ಮೈಸೂರಿಗೆ ಹೋಗುವುದು, ಬೆಂಗಳೂರಿನಲ್ಲಿ ಓದುವ ಮಕ್ಕಳು ಮನೆಗೆ ಬರುವುದು ಇದೇ ರಸ್ತೆಯಲ್ಲಿ. ಅಕ್ಟೋಬರ್ 4ರಂದು ಅಲ್ಲಿನ ಸಂಸದರಾಗಿದ್ದ ರಾಹುಲ್ ಗಾಂಧಿ ಬಂದು ಬೆಂಬಲ ಹೇಳಿದರು. ಅಂದು ಸಂತ ಫ್ರಾನ್ಸಿಸರ ಹಬ್ಬವೂ ಆಗಿತ್ತು.

ಗಡಿಯ ಈಚೆ ನಾವು ಇನ್ನೊಂದು ಅನುಭವದಲ್ಲಿದ್ದೆವು. ಅದೇ 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಿತ್ತು. ಸುಮಾರು 10 ಸಾವಿರ ಎಕರೆ ಸುಟ್ಟಿತ್ತು, ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿದಿದ್ದವು. ಮೈಸೂರು, ಬೆಂಗಳೂರಿನಿಂದ ಯುವಕ ಯುವತಿಯರು ಸ್ವಯಂಸೇವಕರಾಗಿ ಹೋಗಿದ್ದರು. ಹಾಗಾಗಿ ಕಾಡನ್ನು ರಾತ್ರಿಯಾದರೂ ಅದರ ಪಾಡಿಗೆ ಬಿಡಿ ಎಂಬ ಮಾತು ಇಲ್ಲಿ ಸಹಜವಾಗಿ ಗಟ್ಟಿಯಾಗಿತ್ತು. 2025ರ ಏಪ್ರಿಲ್‌ನಲ್ಲಿಯೂ ಪರಿಸರಪ್ರಿಯರು, ರೈತರು ಬಂಡೀಪುರದತ್ತ ಹೆಜ್ಜೆ ಹಾಕಿ ರಾತ್ರಿ ನಿಷೇಧ ಮುಂದುವರಿಯಲಿ ಎಂದರು.

ಎರಡೂ ಕಡೆ ಯುವಜನರೇ, ಎರಡೂ ಕಡೆ ನಮ್ಮ ಸಭೆಯ ಮಕ್ಕಳೂ ಇದ್ದಾರೆ. ನಮ್ಮ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ರಾತ್ರಿ ನಿಷೇಧ ಸರಿ, ಅದು ಉಳಿಯಬೇಕು. ಒಂಬತ್ತು ಗಂಟೆ ಕಾಡಿಗೆ ಬಿಟ್ಟುಕೊಡುವುದು ದೊಡ್ಡ ತ್ಯಾಗವೇನಲ್ಲ. ಆದರೆ ವಯನಾಡಿನ ಹುಡುಗರು ಉಪವಾಸ ಕೂತದ್ದನ್ನು 'ಪರಿಸರ ವಿರೋಧಿ' ಎಂದು ತಳ್ಳಿಹಾಕುವುದು ತಪ್ಪು. ಆಸ್ಪತ್ರೆಗೆ ದಾರಿ ಕೇಳುವವರು ಕಾಡಿನ ಶತ್ರುಗಳಲ್ಲ. ಆ ಎರಡು ಗುಂಪುಗಳು ಒಂದೇ ಚಾಪೆಯ ಮೇಲೆ ಕೂತು ಮಾತಾಡಿದ್ದರೆ ವಯನಾಡಿಗೆ ಒಳ್ಳೆಯ ಆಸ್ಪತ್ರೆ ಬೇಕು ಎಂಬ ಬೇಡಿಕೆ ಇಬ್ಬರದೂ ಆಗುತ್ತಿತ್ತು.

2021ರ ಫೆಬ್ರವರಿ 13ರಂದು ಬೆಂಗಳೂರಿನ ದಿಶಾ ರವಿಯವರ ಬಂಧನವಾಯಿತು. ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದ ಹುಡುಗಿ, ಫ್ರೈಡೇಸ್ ಫಾರ್ ಫ್ಯೂಚರ್ ಸಂಘಟನೆಯವರು. ರೈತ ಹೋರಾಟದ ಬೆಂಬಲದ ಒಂದು ಕಡತಕ್ಕೆ ಸಂಬಂಧಿಸಿದ ಪ್ರಕರಣ ಅದು. ಹತ್ತು ದಿನದ ನಂತರ ದೆಹಲಿಯ ನ್ಯಾಯಾಲಯ ಜಾಮೀನು ಕೊಟ್ಟಿತು. ರೈತರಾದ ತನ್ನ ಅಜ್ಜ ಅಜ್ಜಿ ನೀರಿಲ್ಲದೆ ಪಟ್ಟ ಪಾಡೇ ತನ್ನನ್ನು ಈ ಕೆಲಸಕ್ಕೆ ತಂದಿತು ಎಂದು ಅವರು ಹೇಳಿಕೊಂಡಿದ್ದಾರೆ. ಅಜ್ಜನ ಒಣಗಿದ ಬೋರ್‌ವೆಲ್ ಕೂಡ ಹವಾಮಾನದ ಪಠ್ಯಪುಸ್ತಕವೇ.

ಮಳೆಯ ಲೆಕ್ಕ

2024ರ ಜುಲೈ 30ರ ನಸುಕಿನಲ್ಲಿ ಮೇಪ್ಪಾಡಿ ಬಳಿಯ ಮುಂಡಕ್ಕೈ, ಚೂರಲ್‌ಮಲೆ ಗ್ರಾಮಗಳು ಕೊಚ್ಚಿಹೋದವು. ಸತ್ತವರು 250ಕ್ಕೂ ಹೆಚ್ಚು. ಅವರಲ್ಲಿ ಚಾಮರಾಜನಗರ, ಮಂಡ್ಯ ಮೂಲದ ತೋಟದ ಕಾರ್ಮಿಕ ಕುಟುಂಬಗಳವರೂ ಇದ್ದರು. ವೆಳ್ಳಾರ್‌ಮಲೆಯ ಶಾಲೆ ನಾಶವಾಯಿತು, ಮಕ್ಕಳು ಬೆಂಚಿನ ಗೆಳೆಯರನ್ನು ಕಳೆದುಕೊಂಡರು.

ವಿಜ್ಞಾನ ಏನು ಹೇಳುತ್ತದೆ? ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಹಿಡಿದುಕೊಂಡದ್ದನ್ನು ಒಮ್ಮೆಲೇ ಸುರಿಯುತ್ತದೆ. ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ತಂಡದ ವಿಜ್ಞಾನಿಗಳು ಲೆಕ್ಕ ಹಾಕಿ, ಮನುಷ್ಯರಿಂದಾದ ಹವಾಮಾನ ಬದಲಾವಣೆ ಆ ದಿನದ ಮಳೆಯನ್ನು ಸುಮಾರು ಶೇ. 10ರಷ್ಟು ಹೆಚ್ಚು ಬಿರುಸಾಗಿಸಿತು ಎಂದರು. ಉಳಿದದ್ದು ಮಣ್ಣು, ಇಳಿಜಾರು, ನಾವು ಅಲ್ಲಿ ಕಟ್ಟಿದ್ದು, ಕಡಿದದ್ದು. 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ, 2013ರಲ್ಲಿ ಕಸ್ತೂರಿರಂಗನ್ ಸಮಿತಿ ಘಟ್ಟದ ಬಗ್ಗೆ ಎಚ್ಚರಿಸಿದ್ದವು. ಆಗ ಕೇರಳದ ಬೆಟ್ಟದೂರುಗಳಲ್ಲಿ ನಡೆದ ವಿರೋಧದಲ್ಲಿ ಕ್ರೈಸ್ತ ರೈತರೂ ಹಲವು ಧರ್ಮಗುರುಗಳೂ ಮುಂದಿದ್ದರು, ನಮ್ಮ ಕರ್ನಾಟಕ ಸರಕಾರವೂ ವರದಿಯನ್ನು ಒಪ್ಪಲಿಲ್ಲ. ಜಮೀನು ಕೈತಪ್ಪೀತೆಂಬ ರೈತರ ಭಯ ಸುಳ್ಳಲ್ಲ. ಆದರೆ ಆ ಭಯಕ್ಕೆ ಉತ್ತರ ಹುಡುಕಬೇಕಿತ್ತು, ವರದಿಯನ್ನು ಮುಚ್ಚಿಡಬೇಕಾಗಿರಲಿಲ್ಲ. ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಹೊರಡಿಸಿದ 'ಲೌದಾತೋ ಸಿ' ವಿಶ್ವಪತ್ರದ ತಿರುಳೂ ಇದೇ: ಭೂಮಿಯ ನೋವನ್ನೂ ಬಡವರ ನೋವನ್ನೂ ಬೇರೆ ಬೇರೆ ಮಾಡಿ ನೋಡಬಾರದು.

ಕತ್ತಲೆಯ ನಡುವೆ ಒಂದು ಬೆಳಕೂ ಇದೆ. ಕಲ್ಪೆಟ್ಟದ ಹ್ಯೂಮ್ ಪರಿಸರ ಕೇಂದ್ರ ವಯನಾಡಿನ ತುಂಬ ಸುಮಾರು 200 ಕಡೆ ಮಳೆ ಅಳೆಯುತ್ತದೆ. ಅಲ್ಲಿನ ಮಳೆಯ ಲೆಕ್ಕ ನೋಡಿ ಆ ಕೇಂದ್ರ ದುರಂತಕ್ಕೆ ಮುಂಚೆಯೇ ಎಚ್ಚರಿಕೆ ಕೊಟ್ಟಿತ್ತು. ಮುತ್ತಂಗಕ್ಕೆ ಹತ್ತಿರದ ಮೀನಂಗಾಡಿ ಪಂಚಾಯಿತಿ 2016ರಿಂದ ಇಂಗಾಲದ ಲೆಕ್ಕ ಸರಿದೂಗಿಸುವ ಪ್ರಯತ್ನ ಮಾಡುತ್ತಿದೆ. ಅಲ್ಲಿ ಮರವನ್ನು ಬ್ಯಾಂಕಿನಲ್ಲಿ ಅಡವಿಟ್ಟರೆ ಮರಕ್ಕೆ ವರ್ಷಕ್ಕೆ 50 ರೂಪಾಯಿ ಬಡ್ಡಿಯಿಲ್ಲದ ಸಾಲ ಸಿಗುತ್ತದೆ, ಮರ ಕಡಿದರೆ ಮಾತ್ರ ತೀರಿಸಬೇಕು. ದೊಡ್ಡ ಘೋಷಣೆಗಿಂತ ಇಂಥ ಸಣ್ಣ ಲೆಕ್ಕಗಳು ನಮಗೆ ಹೆಚ್ಚು ಹಿಡಿಸುತ್ತವೆ.

ನಮ್ಮ ಯುವಸಂಘ ಏನು ಮಾಡಬಹುದು?

ಒಂದು, ಅಳೆಯೋಣ. ಚರ್ಚಿನ ಅಂಗಳದಲ್ಲಿ ಒಂದು ಮಳೆಮಾಪಕ ಇಟ್ಟು ಪ್ರತಿದಿನ ಬೆಳಿಗ್ಗೆ 8.30ಕ್ಕೆ, ಹವಾಮಾನ ಇಲಾಖೆಯ ಸಮಯಕ್ಕೆ ಸರಿಯಾಗಿ, ಓದಿ ಬರೆದಿಡೋಣ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಧರ್ಮೋಪದೇಶ ತರಗತಿಯ ಮಕ್ಕಳೂ ಈ ಲೆಕ್ಕ ಮಾಡಬಲ್ಲರು.

ಎರಡು, ಸಸಿ ನೆಡುವ ಮುಂಚೆ ಕೇಳೋಣ. ಯಾವ ಮರ, ಯಾರ ಜಾಗದಲ್ಲಿ, ಯಾರಿಗಾಗಿ? ಮುತ್ತಂಗದ ಕಾಡನ್ನು ಇಂದು ತಿನ್ನುತ್ತಿರುವ ಸೆನ್ನಾ ಎಂಬ ಹಳದಿ ಹೂವಿನ ಮರ ಅಂದಕ್ಕಾಗಿ ಮನುಷ್ಯರೇ ತಂದು ನೆಟ್ಟದ್ದು. ಅದರ ಕೆಳಗೆ ಹುಲ್ಲು ಬೆಳೆಯುವುದಿಲ್ಲ, ಜಿಂಕೆಗೂ ಆನೆಗೂ ಅದು ಮೇವಲ್ಲ.

ಮೂರು, ಪಕ್ಕದಲ್ಲಿ ನಿಲ್ಲುವುದನ್ನು ಕಲಿಯೋಣ. ನಮ್ಮ ಧರ್ಮಪ್ರಾಂತ್ಯದ ವ್ಯಾಪ್ತಿಯಲ್ಲೇ ಜೇನುಕುರುಬರ, ಸೋಲಿಗರ ಹಾಡಿಗಳಿವೆ. 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳು ಎಷ್ಟೋ ಕಡೆ ಕಡತದಲ್ಲೇ ಉಳಿದಿವೆ. ಒಂದು ಅರ್ಜಿ ಓದಿ ಹೇಳುವುದು, ಒಂದು ನಕಲು ತೆಗೆಸಿ ಕೊಡುವುದು ಕೂಡ ಹವಾಮಾನದ ಕೆಲಸವೇ. ಕಾಡನ್ನು ಬಲ್ಲವರು ಕಾಡಿನಲ್ಲಿ ಗೌರವದಿಂದ ಇದ್ದರೆ ಕಾಡು ಉಳಿಯುತ್ತದೆ.

ಮುಂದಿನ ಭಾನುವಾರದ ಸಭೆಗೆ ಬರುವಾಗ ಈ ಮೂರು ಪ್ರಶ್ನೆಗಳನ್ನು ಯೋಚಿಸಿಕೊಂಡು ಬನ್ನಿ. 2003ರಲ್ಲಿ ನಾವು ಮುತ್ತಂಗದಲ್ಲಿ ಇದ್ದಿದ್ದರೆ ಯಾರ ಜೊತೆ ನಿಲ್ಲುತ್ತಿದ್ದೆವು? ಬಂಡೀಪುರದ ರಸ್ತೆಯ ಬಗ್ಗೆ ಬತ್ತೇರಿಯ ಒಂದು ಯುವಸಂಘದ ಜೊತೆ ಮಾತಾಡಲು ನಾವು ಸಿದ್ಧವೇ? ನಮ್ಮ ಮನೆಯ ಹಿರಿಯರಿಗೆ ನೆನಪಿರುವ ಮಳೆಗೂ ಇಂದಿನ ಮಳೆಗೂ ಏನು ವ್ಯತ್ಯಾಸ? ಕೊನೆಯದಕ್ಕೆ ಉತ್ತರವನ್ನು ಅಜ್ಜಿಯರನ್ನು ಕೇಳಿ ಬರೆದು ತನ್ನಿ. ಮಳೆಮಾಪಕ ತರುವ ಜವಾಬ್ದಾರಿ ನಮ್ಮದು.